ಎದೆ ಬಡಿಯುತ್ತಿದ್ದರೂ ಸಾವೇ?

ಅಂಗಾಂಗ ದಾನದ ಮಾತು ಬಂದಾಗ ನಮ್ಮ ಕಡೆಯ ಹಿರಿಯರು ತಪ್ಪದೇ ಕೇಳುವ ಪ್ರಶ್ನೆ: ‘ಮೈ ಬೆಚ್ಚಗ ಐತಿ, ಎದಿ ಬಡೀತೈತಿ, ಸತ್ತಾನಂತ ಹೆಂಗ ನಂಬೂದ್ರಿ?’ ಪ್ರಶ್ನೆ ನ್ಯಾಯವಾದದ್ದೇ.

2021ರಲ್ಲಿ ನಾಡು ಇಬ್ಬರು ನಟರನ್ನು ಕಳೆದುಕೊಂಡಿತು. ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. ಜೂನ್‌ನಲ್ಲಿ ಬೈಕ್ ಅಪಘಾತದಿಂದ ತಲೆಗೆ ಪೆಟ್ಟಾದ ಸಂಚಾರಿ ವಿಜಯ್ ಅವರಿಂದ ಕಣ್ಣುಗಳ ಜೊತೆಗೆ ಮೂತ್ರಪಿಂಡ, ಯಕೃತ್ತುಗಳೂ ದೊರೆತವು. ಏಕೆ ಹೀಗೆ? ಹೃದಯ ನಿಂತೊಡನೆ ರಕ್ತ ಸಿಗದೆ ಒಳಗಿನ ಅಂಗಗಳು ಕೆಡತೊಡಗುತ್ತವೆ. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಲ್ಲಿ ರಕ್ತನಾಳಗಳೇ ಇಲ್ಲ; ಅದು ಆರು ಗಂಟೆ ತಾಳುತ್ತದೆ.

ತಲೆಗೆ ಬಲವಾದ ಪೆಟ್ಟು ಬಿದ್ದಾಗ ಅಥವಾ ಮಿದುಳಿನಲ್ಲಿ ರಕ್ತಸ್ರಾವವಾದಾಗ ಕೆಲವೊಮ್ಮೆ ಮಿದುಳು, ಅದರ ಕಾಂಡವೂ ಸೇರಿ, ಶಾಶ್ವತವಾಗಿ ಸಾಯುತ್ತದೆ. ಉಸಿರಾಟ ನಡೆಸುವ ಕೇಂದ್ರ ಇರುವುದೇ ಅಲ್ಲಿ. ಹೃದಯಕ್ಕೆ ಮಾತ್ರ ತನ್ನದೇ ಚಾಲನೆಯಿದೆ; ಕೃತಕ ಉಸಿರಾಟದ ಯಂತ್ರ ಆಮ್ಲಜನಕ ಕೊಡುವವರೆಗೆ ಅದು ಬಡಿಯುತ್ತದೆ, ಆದರೆ ಹೆಚ್ಚು ದಿನವಲ್ಲ. ಇದು ಕೋಮಾ ಅಲ್ಲ. ಕೋಮಾದಿಂದ ಎದ್ದು ಬಂದವರಿದ್ದಾರೆ, ಮಿದುಳು ಸತ್ತವರು ಎದ್ದ ಮಾತೇ ಇಲ್ಲ.

ಇದನ್ನು ಒಬ್ಬ ವೈದ್ಯ ಹೇಳಿದರೆ ಸಾಲದು. 1994ರ ಕೇಂದ್ರ ಕಾಯಿದೆಯಂತೆ ನಾಲ್ವರು ವೈದ್ಯರು, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಸಹಿ ಹಾಕಬೇಕು. ಕಣ್ಣಿಗೆ ಬೆಳಕು ಬಿಟ್ಟು ನೋಡುತ್ತಾರೆ, ಯಂತ್ರ ಬೇರ್ಪಡಿಸಿ ತಾನಾಗಿ ಉಸಿರೆಳೆಯುವನೇ ಎಂದು ಕಾಯುತ್ತಾರೆ. ಅಂಗ ಕಸಿ ಮಾಡುವ ವೈದ್ಯರು ಈ ನಾಲ್ವರಲ್ಲಿ ಇರುವಂತಿಲ್ಲ. ‘ಕಿಡ್ನಿ ಆಸೆಗೆ ಸಾಯಿಸ್ತಾರ’ ಎಂಬ ಭಯಕ್ಕೆ ಕಾನೂನು ಕೊಟ್ಟ ಉತ್ತರ ಇದು.

ಮುಂದಿನ ಹೆಜ್ಜೆ ಮನೆಯವರ ಒಪ್ಪಿಗೆ. ಅದಿಲ್ಲದೆ ಆಸ್ಪತ್ರೆಗಳು ಮುಂದುವರಿಯುವುದಿಲ್ಲ. ಆದ್ದರಿಂದ ಪ್ರತಿಜ್ಞಾಪತ್ರ ಬರೆದು ಟ್ರಂಕಿನಲ್ಲಿಟ್ಟರೆ ಪ್ರಯೋಜನವಿಲ್ಲ. ಹೆಂಡತಿ ಮಕ್ಕಳಿಗೆ ಬಾಯಿಬಿಟ್ಟು ಹೇಳಿರಬೇಕು. ಅಪಘಾತದ ಪ್ರಕರಣವಾದರೆ ಪೊಲೀಸರ ಅನುಮತಿಯೂ ಬೇಕು. ಅಂಗ ಯಾರಿಗೆ ಎಂಬುದನ್ನು ರಾಜ್ಯದ ‘ಜೀವಸಾರ್ಥಕತೆ’ ಸಂಸ್ಥೆ ಕಾಯುವವರ ಪಟ್ಟಿ, ರಕ್ತದ ಗುಂಪು ಮುಂತಾದವನ್ನು ನೋಡಿ ನಿರ್ಧರಿಸುತ್ತದೆ. ಜಾತಿ, ಹಣ ಲೆಕ್ಕಕ್ಕಿಲ್ಲ. ಹೃದಯಕ್ಕೆ ನಾಲ್ಕರಿಂದ ಆರು ಗಂಟೆಯಷ್ಟೇ ಕಾಲಾವಕಾಶ. ಅದಕ್ಕೇ ಆಂಬುಲೆನ್ಸಿಗೆ ರಸ್ತೆ ತೆರವು ಮಾಡಿಸುವುದು. ಅಂಗ ಮಾರುವುದು, ಕೊಳ್ಳುವುದು ಎರಡೂ ಅಪರಾಧ. ಹತ್ತು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ.

ಕೊರ್ಲಹಳ್ಳಿಯಂಥ ಹೊಳೆದಂಡೆಯ ಊರಿನಲ್ಲಿ ಮನೆಯಲ್ಲೇ ಕಣ್ಣು ಮುಚ್ಚಿದವರಿಂದ ಮೂತ್ರಪಿಂಡ ಪಡೆಯಲಾಗದು. ಅದಕ್ಕೆ ತೀವ್ರ ನಿಗಾ ಘಟಕವೇ ಬೇಕು. ಆದರೆ ಕಣ್ಣು ಕೊಡಬಹುದು. ವಯಸ್ಸಾದವರು, ಕನ್ನಡಕದವರು, ಮೋತಿಬಿಂದುವಿನ ಶಸ್ತ್ರಚಿಕಿತ್ಸೆ ಆದವರೂ ಕೊಡಬಹುದು. ತಕ್ಷಣ ಹತ್ತಿರದ ನೇತ್ರ ಭಂಡಾರಕ್ಕೆ ಫೋನ್ ಮಾಡಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ದಿಂಬು ಕೊಡಿ, ಫ್ಯಾನ್ ನಿಲ್ಲಿಸಿ. ತೆಗೆಯಲು ಅರ್ಧ ತಾಸೂ ಬೇಡ, ಮುಖ ವಿಕಾರವಾಗುವುದಿಲ್ಲ, ಮಣ್ಣಿಗೂ ತಡವಾಗುವುದಿಲ್ಲ.