ಕಬ್ಬಿನ ಸೀಮೆಯ ಕಾನ್ವೆಂಟಿನಲ್ಲಿ ಆರು, ಏಳು, ಎಂಟು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ, ಮದ್ದೂರು ಇನ್ನೇನು ಬಂತು ಅನ್ನುವಾಗ ಸೋಮನಹಳ್ಳಿ ಸಿಗುತ್ತದೆ. ಬೆಳಿಗ್ಗೆ ಏಳೂವರೆಗೆ ಇಲ್ಲಿನ ಸರ್ವಿಸ್ ರೋಡಿನ ಅಂಚಿಗೆ ನನ್ನ ಜೊತೆ ಬಂದು ನಿಲ್ಲಿ. ಕಬ್ಬಿನ ಗರಿಯ ಮೇಲಿನ ಇಬ್ಬನಿ ಇನ್ನೂ ಆರಿಲ್ಲ. ಡೇರಿಗೆ ಹಾಲು ಹಾಕಿ ಬಂದ ಹೆಂಗಸರು ಖಾಲಿ ಕ್ಯಾನುಗಳನ್ನು ತೊಳೆದು ಬೋರಲು ಹಾಕುತ್ತಿದ್ದಾರೆ. ಕೈಗಾರಿಕಾ ಪ್ರದೇಶದ ಕಡೆ ಮೊದಲ ಪಾಳಿಯವರ ಬೈಕುಗಳು ಸಾಲಾಗಿ ಓಡುತ್ತಿವೆ. ಎಳನೀರು ತುಂಬಿದ ಗಾಡಿಯೊಂದು ಮದ್ದೂರಿನ ಮಾರುಕಟ್ಟೆಗೆ ಹೊರಟಿದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿಯ ಮೇಲೆ ಕಾರುಗಳು ಊರಿನ ಹೆಸರನ್ನೂ ಓದದೆ ಹಾಯ್ದು ಹೋಗುತ್ತಿರುವಾಗ, ಕೆಳಗೆ ಬೇಲಿಯ ಈಚೆ ನೀಲಿ ಚೌಕಳಿ ಅಂಗಿಯ ಮಕ್ಕಳು ಬೆನ್ನಿಗೆ ಭಾರದ ಚೀಲ ಹೊತ್ತು ವ್ಯಾನಿಗೆ ಕಾಯುತ್ತಿದ್ದಾರೆ. ಅಜ್ಜಿಯೊಬ್ಬರು ಸೆರಗಿನಿಂದ ಮೊಮ್ಮಗಳ ಹಣೆ ಒರೆಸಿ, "ನೀರಿನ್ ಬಾಟ್ಲಿ ತಕಂಡ್ಯಾ ಮಗ?" ಅನ್ನುತ್ತಾರೆ. "ಹೂಂ ಅಜ್ಜಿ" ಅಂದ ಹುಡುಗಿ ವ್ಯಾನಿನ ಮೆಟ್ಟಿಲು ಹತ್ತುತ್ತಲೇ ಒಳಗಿದ್ದ ಗೆಳತಿಗೆ "ಗುಡ್ ಮಾರ್ನಿಂಗ್" ಅನ್ನುತ್ತಾಳೆ. ಒಂದು ಮೆಟ್ಟಿಲಿನಷ್ಟು ಎತ್ತರದಲ್ಲಿ ಅವಳ ದಿನ ಬೇರೆ ಭಾಷೆಗೆ ದಾಟಿತು.

ಓದಿಗೆಂದು ಊರು ಬಿಡುವುದು ಸೋಮನಹಳ್ಳಿಗೆ ಹೊಸತೇನೂ ಅಲ್ಲ. 1932ರ ಮೇ ಒಂದರಂದು ಇಲ್ಲಿ ಹುಟ್ಟಿದ ಎಸ್.ಎಂ. ಕೃಷ್ಣ ಮೈಸೂರಿನ ಮಹಾರಾಜ ಕಾಲೇಜಿಗೆ ಹೋದರು, ಅಲ್ಲಿಂದ ಮುಂದೆ ಅಮೆರಿಕದ ಡಲ್ಲಾಸ್‌ನಲ್ಲಿ ಮೆಥಡಿಸ್ಟ್ ಚರ್ಚಿನವರು ಕಟ್ಟಿದ ವಿಶ್ವವಿದ್ಯಾಲಯದವರೆಗೂ ಹೋದರು. ಮುಖ್ಯಮಂತ್ರಿಯಾಗಿ, ವಿದೇಶಾಂಗ ಸಚಿವರಾಗಿ ಬಾಳಿ, 2024ರ ಡಿಸೆಂಬರ್ 11ರಂದು ಇದೇ ಮಣ್ಣಿಗೆ ಮರಳಿದರು. ಈಗಿನ ಮಕ್ಕಳ ದಾರಿ ಅಷ್ಟು ಉದ್ದದ್ದಲ್ಲ. ಮದ್ದೂರಿನ ಕಡೆ, ಮಂಡ್ಯದ ಕಡೆ ವ್ಯಾನು ಹೋಗುತ್ತದೆ, ಸಂಜೆಗೆ ವಾಪಸು ತಂದು ಬಿಡುತ್ತದೆ. ಅವರು ಹೋಗುವ ಶಾಲೆಯ ಹೆಸರನ್ನು ನಾನು ಹೇಳುವುದಿಲ್ಲ. ಈ ಸೀಮೆಯಲ್ಲಿ ಸಿಸ್ಟರುಗಳು ನಡೆಸುವ ಯಾವ ಕಾನ್ವೆಂಟಿಗೆ ಹೋದರೂ ದಿನದ ನಡೆ ಹೆಚ್ಚುಕಮ್ಮಿ ಹೀಗೇ ಇರುತ್ತದೆ.

ಗೇಟು ದಾಟಿದೊಡನೆ ಮೊದಲು ಮೂಗಿಗೆ ಬಡಿಯುವುದು ಫಿನಾಯಿಲ್ ಹಾಕಿ ಒರೆಸಿದ ಕಾರಿಡಾರು, ಅದರ ಹಿಂದೆಯೇ ಒದ್ದೆ ಮಣ್ಣು, ದಾಸವಾಳದ ಗಿಡ. ಕಲ್ಲುಗಳನ್ನು ಜೋಡಿಸಿ ಮಾಡಿದ ಗವಿಯೊಳಗೆ ಮಾತೆ ಮರಿಯಮ್ಮನವರ ಪ್ರತಿಮೆ; ಮುಂದೆ ಯಾರೋ ಮಗು ಇಟ್ಟು ಹೋದ ಕನಕಾಂಬರದ ತುಂಡು ಮಾಲೆ. ಹಣೆಗೆ ವಿಭೂತಿ ಇಟ್ಟ ಹುಡುಗ ಹಾದು ಹೋಗುವಾಗ ಕೈಯನ್ನು ಎದೆಗೆ ಮುಟ್ಟಿಸಿಕೊಂಡು ಕಣ್ಣಿಗೊತ್ತಿಕೊಳ್ಳುತ್ತಾನೆ, ಊರಿನ ಗುಡಿಯ ಮುಂದೆ ಮಾಡುವ ಹಾಗೆಯೇ. ಯಾರೂ ಅದನ್ನು ಹೇಳಿಕೊಟ್ಟದ್ದಲ್ಲ, ಬೇಡ ಅಂದದ್ದೂ ಇಲ್ಲ.

ಗಂಟೆ ಬಾರಿಸುತ್ತದೆ. ಸಾಲು ಸಾಲು ಮಕ್ಕಳು ಒಂದು ತೋಳಿನ ಅಂತರ ಅಳೆದು ನಿಲ್ಲುತ್ತಾರೆ. ಇಂಗ್ಲಿಷಿನಲ್ಲಿ ಒಂದು ಪ್ರಾರ್ಥನೆ, ಆಮೇಲೆ ಹಾರ್ಮೋನಿಯಂ ಮೇಲೆ ಮಿಸ್ಸಿನ ಬೆರಳು ಇಳಿದು, ಏಳನೆಯ ತರಗತಿಯ ಹುಡುಗಿಯರ ಗುಂಪು "ಕರುಣಾಳು ಬಾ ಬೆಳಕೆ"ಯನ್ನು ಎತ್ತಿಕೊಳ್ಳುತ್ತದೆ. ಇಲ್ಲಿ ಒಂದು ಗಳಿಗೆ ನಿಲ್ಲೋಣ. ಈ ಹಾಡು ಈ ಅಂಗಳಕ್ಕೆ ಬಂದ ದಾರಿ ಬಹಳ ಉದ್ದದ್ದು. 1833ರಲ್ಲಿ ಜಾನ್ ಹೆನ್ರಿ ನ್ಯೂಮನ್ ಎಂಬ ತರುಣ ಇಂಗ್ಲಿಷ್ ಪಾದ್ರಿ ಸಿಸಿಲಿಯಲ್ಲಿ ಜ್ವರ ಬಂದು ಸಾವಿನಂಚಿಗೆ ಹೋಗಿ ಉಳಿದುಕೊಂಡು, ಕಿತ್ತಳೆ ಹಣ್ಣು ಹೇರಿದ ದೋಣಿಯೊಂದರಲ್ಲಿ ಮನೆಯ ಕಡೆ ಹೊರಟಿದ್ದರು. ಬೋನಿಫಾಚಿಯೊ ಜಲಸಂಧಿಯಲ್ಲಿ ಗಾಳಿ ಬಿದ್ದು ದೋಣಿ ಇಡೀ ಒಂದು ವಾರ ನಿಂತುಬಿಟ್ಟಿತು. ಆ ಪಯಣದಲ್ಲಿ ಅವರು ಬರೆದ ಪ್ರಾರ್ಥನೆಯೇ ಇದರ ಮೂಲ. ಮುಂದೆ ಅವರು ಕಥೋಲಿಕರಾದರು, ಕಾರ್ಡಿನಲ್ ಆದರು. 2019ರಲ್ಲಿ ವ್ಯಾಟಿಕನ್‌ನಲ್ಲಿ ಅವರನ್ನು ಸಂತರೆಂದು ಸಾರಿದರು. ಆ ಪ್ರಾರ್ಥನೆಯನ್ನು ಕನ್ನಡಕ್ಕೆ ತಂದ ಬಿ.ಎಂ. ಶ್ರೀಕಂಠಯ್ಯನವರ ಮನೆತನ ಇದೇ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನದು. 1926ರ 'ಇಂಗ್ಲಿಷ್ ಗೀತಗಳು' ಸಂಕಲನದಿಂದ ಹೊರಟ ಆ ಹಾಡು ಸರ್ಕಾರಿ ಶಾಲೆ, ಮಠದ ಶಾಲೆ, ಕಾನ್ವೆಂಟು ಎನ್ನದೆ ಎಲ್ಲ ಅಂಗಳಗಳಿಗೂ ಹೋಯಿತು. ಹಾಡುವ ಹುಡುಗಿಯರಿಗೆ ಇದು ಚರ್ಚಿನದೋ ಕನ್ನಡದ್ದೋ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಮಿಷನ್ ಶಾಲೆ ಮತ್ತು ಕನ್ನಡದ ನಡುವಿನ ನಂಟು ಎಷ್ಟು ಸಹಜವಾಗಿ ಇರಬಲ್ಲದು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಆರು, ಏಳು, ಎಂಟನ್ನು ಹಳಬರು ಈಗಲೂ ಮಿಡ್ಲ್ ಸ್ಕೂಲು ಅನ್ನುತ್ತಾರೆ. ಮಕ್ಕಳು ಕೈ ಹಿಡಿದು ಬರೆಸುವ ವಯಸ್ಸು ದಾಟಿರುತ್ತಾರೆ, ಎಸ್ಸೆಸ್ಸೆಲ್ಸಿಯ ಭಯ ಇನ್ನೂ ಹೆಗಲೇರಿರುವುದಿಲ್ಲ. ಗೋಡೆಗೆ ಅಂಟಿಸಿದ ವೇಳಾಪಟ್ಟಿಯಲ್ಲಿ ಇಂಗ್ಲಿಷ್ ಮೊದಲ ಭಾಷೆ, ಕನ್ನಡ ಎರಡನೆಯದು, ಹಿಂದಿ ಮೂರನೆಯದು. ಗಣಿತ, ವಿಜ್ಞಾನ, ಸಮಾಜ. ವಾರದಲ್ಲಿ ಒಂದೆರಡು ಸಲ ಚಿತ್ರಕಲೆ, ಆಟ, ಮಾರಲ್ ಸೈನ್ಸ್. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಪರೀಕ್ಷೆ. ಮಕ್ಕಳ ಬಾಯಲ್ಲಿ ಇವೆಲ್ಲ ಎಫ್‌ಎ, ಎಸ್‌ಎ.

ಸಮಾಜ ಪಾಠದ ಮೇಷ್ಟ್ರು ಸ್ವಾತಂತ್ರ್ಯ ಹೋರಾಟಕ್ಕೆ ಬಂದಾಗ ದಂಡಿಯಿಂದ ನೇರ ಮದ್ದೂರಿಗೆ ಜಿಗಿಯುತ್ತಾರೆ. ನಿಷೇಧಾಜ್ಞೆ ಮುರಿದು ಬಾವುಟ ಹಾರಿಸಿದ 1938ರ ಶಿವಪುರ ಧ್ವಜ ಸತ್ಯಾಗ್ರಹದ ಸೌಧವನ್ನು ಮಕ್ಕಳು ವ್ಯಾನಿನಲ್ಲಿ ಓಡಾಡುವಾಗ ನೋಡಿರುತ್ತಾರೆ, "ಅದಾ ಸಾರ್?" ಎಂದು ಬೆಂಚಿನಿಂದ ಅರ್ಧ ಎದ್ದು ನಿಲ್ಲುತ್ತಾರೆ.

ಏಳನೆಯ ತರಗತಿಯ ವಿಜ್ಞಾನದ ಪೀರಿಯಡ್ಡಿಗೆ ಬನ್ನಿ. ಮೇಜಿನ ಮೇಲೆ ಪ್ರಯೋಗಾಲಯದ ಗಾಜಿಗಿಂತ ಅಡುಗೆಮನೆಯ ಸಾಮಾನೇ ಹೆಚ್ಚು: ನಿಂಬೆಹಣ್ಣು, ಹುಳಿ ಮಜ್ಜಿಗೆ, ಸೋಪಿನ ನೀರು, ಅಡುಗೆ ಸೋಡಾ, ಲೋಟದಲ್ಲಿ ಸುಣ್ಣದ ತಿಳಿ. ಪಾಠ ಆಮ್ಲ ಮತ್ತು ಪ್ರತ್ಯಾಮ್ಲದ್ದು. ಅರಿಸಿನ ಬಳಿದು ಒಣಗಿಸಿದ ಕಾಗದದ ಚೂರುಗಳನ್ನು ಮಿಸ್ ಹಂಚುತ್ತಾರೆ. ಸೋಪಿನ ನೀರು ಒಂದು ಹನಿ ಬಿದ್ದದ್ದೇ ಹಳದಿ ಕೆಂಪಾಗುತ್ತದೆ. ಅಮ್ಮನ ಸೀರೆಗೆ ಬಿದ್ದ ಸಾರಿನ ಕಲೆ ಸೋಪು ಹಚ್ಚಿದಾಗ ಯಾಕೆ ಕೆಂಪಾಗುತ್ತಿತ್ತು ಎಂದು ಹುಡುಗಿಯೊಬ್ಬಳಿಗೆ ಆಗಲೇ ತಿಳಿಯುತ್ತದೆ. ಅಂಗಳದ ದಾಸವಾಳವನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದ ಬಣ್ಣಕ್ಕೆ ನಿಂಬೆರಸ ಬಿದ್ದರೆ ಗಾಢ ಗುಲಾಬಿ, ಸುಣ್ಣದ ತಿಳಿ ಬಿದ್ದರೆ ಹಸಿರು. ಇಡೀ ತರಗತಿ ಮೇಜಿನ ಸುತ್ತ ಮುಗಿಬೀಳುತ್ತದೆ. ಆ ಗದ್ದಲದ ನಡುವೆ ಹಿಂದಿನ ಬೆಂಚಿನ ಹುಡುಗನೊಬ್ಬ, ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ನೆಲ ನೋಡುವವನು, ತಡೆಯಲಾರದೆ ಹೇಳಿಬಿಡುತ್ತಾನೆ: "ಮಿಸ್, ನಮ್ ಆಲೆಮನೇಲೂ ಕಬ್ಬಿನ್ ಹಾಲಿಗೆ ಸುಣ್ಣ ಬಿಡ್ತಾರೆ."

ಮಿಸ್ ಒಂದು ಕ್ಷಣ ಸುಮ್ಮನಾಗಿ, ಬೋರ್ಡಿನ ಕಡೆ ತಿರುಗಿ, ಪಾಠ ಬಿಟ್ಟು ಆಲೆಮನೆಗೆ ಹೋಗುತ್ತಾರೆ. ಕಬ್ಬಿನ ಹಾಲಿನಲ್ಲಿ ಸ್ವಲ್ಪ ಆಮ್ಲದ ಗುಣವಿದೆ. ಹಾಗೇ ಕುದಿಸಿದರೆ ಅದರಲ್ಲಿನ ಸಕ್ಕರೆ ಒಡೆಯುತ್ತದೆ, ಬೆಲ್ಲ ಗಟ್ಟಿಯಾಗಿ ಅಚ್ಚು ಕಟ್ಟುವುದಿಲ್ಲ. ಸುಣ್ಣ ಆ ಹುಳಿಯನ್ನು ತಟಸ್ಥ ಮಾಡುತ್ತದೆ, ಕಲ್ಮಶವನ್ನು ಮಡ್ಡಿಯಾಗಿ ಮೇಲಕ್ಕೆ ತರುತ್ತದೆ. ಕೊಪ್ಪರಿಗೆಯ ಮುಂದೆ ನಿಂತ ಅವನ ಅಪ್ಪ ಕೈ ಅಂದಾಜಿನಲ್ಲಿ ಮಾಡುವುದನ್ನೇ ಪುಸ್ತಕ ತಟಸ್ಥೀಕರಣ ಅನ್ನುತ್ತದೆ. ಹುಡುಗ ತನ್ನ ಮನೆಯ ಕೆಲಸವನ್ನು ಬೋರ್ಡಿನ ಮೇಲೆ ಮೊದಲ ಸಲ ನೋಡುತ್ತಾನೆ. ವಾರಕ್ಕೊಮ್ಮೆಯಾದರೂ ಇಂಥ ಒಂದು ಗಳಿಗೆ ಒದಗದಿದ್ದರೆ ಹಳ್ಳಿಯ ಮಗುವಿಗೆ ಪಠ್ಯಕ್ರಮ ಪರರ ಸೊತ್ತಾಗಿಯೇ ಉಳಿಯುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಮಾರಲ್ ಸೈನ್ಸ್ ಪೀರಿಯಡ್ಡಿನ ಗಂಟೆಯಾದರೆ ತರಗತಿ ಎರಡಾಗುತ್ತದೆ. ಕ್ರೈಸ್ತ ಮಕ್ಕಳು, ಈ ಕಡೆ ಅವರು ಕೆಲವರೇ, ಸಿಸ್ಟರ ಹಿಂದೆ ಪ್ರಾರ್ಥನಾಲಯದ ಪಕ್ಕದ ಕೋಣೆಗೆ ಜ್ಞಾನೋಪದೇಶಕ್ಕೆ ಹೋಗುತ್ತಾರೆ. ಅಲ್ಲಿಂದ "ನಮೋ ಮರಿಯಾ" ತೆಳ್ಳಗೆ ತೇಲಿ ಬರುತ್ತದೆ. ಉಳಿದವರಿಗೆ ಇಲ್ಲಿಯೇ ಮೌಲ್ಯ ಶಿಕ್ಷಣ: ಸುಳ್ಳು, ಸಿಟ್ಟು, ಗೆಳೆತನ, ಮನೆಯ ಹಿರಿಯರು. ಈ ವಿಂಗಡಣೆಯ ಹಿಂದೆ ಸಂವಿಧಾನವಿದೆ. ಅಲ್ಪಸಂಖ್ಯಾತರು ತಮ್ಮಿಷ್ಟದ ಶಾಲೆ ಕಟ್ಟಿ ನಡೆಸುವ ಹಕ್ಕನ್ನು 30ನೆಯ ವಿಧಿ ಕೊಟ್ಟಿದೆ. ಸರ್ಕಾರದ ಮಾನ್ಯತೆ ಪಡೆದ ಶಾಲೆಯಲ್ಲಿ ಒಪ್ಪಿಗೆ ಇಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎಂದು 28ನೆಯ ವಿಧಿ ಹೇಳಿದೆ. ಮಕ್ಕಳಿಗೆ ವಿಧಿಗಳ ಲೆಕ್ಕ ಗೊತ್ತಿಲ್ಲ. ಪೀರಿಯಡ್ಡು ಮುಗಿಸಿ ಬಂದ ಗೆಳತಿಗೆ ಜಾಗ ಹಿಡಿದಿಟ್ಟುಕೊಂಡಿರುವುದಷ್ಟೇ ಗೊತ್ತು.

ಮಧ್ಯಾಹ್ನದ ಗಂಟೆಗೆ ಹೊಂಗೆ ಮರದ ಕೆಳಗೆ ಡಬ್ಬಿಗಳು ಬಿಚ್ಚಿಕೊಳ್ಳುತ್ತವೆ. ಚಿತ್ರಾನ್ನ, ಚಪಾತಿ, ಪುಳಿಯೋಗರೆ, ಯಾರದೋ ಡಬ್ಬಿಯಲ್ಲಿ ಹುರುಳಿಕಾಳಿನ ಬಸ್ಸಾರು ಕಲೆಸಿದ ಅನ್ನ. ಮೂಲಂಗಿ ಪಲ್ಯದ ಡಬ್ಬಿ ತೆರೆದವನ ಸುತ್ತ ಕೂಗಾಟ. ಸೋಮನಹಳ್ಳಿಯಲ್ಲೇ ಸರ್ಕಾರಿ ಶಾಲೆಗೆ ಹೋಗುವ ಇವರ ಓರಗೆಯವರಿಗೆ ಇದೇ ಹೊತ್ತಿಗೆ ಬಿಸಿಯೂಟ. ಅಕ್ಷರ ದಾಸೋಹ ಎಂದು ಆ ಯೋಜನೆ ನಾಡಿನಲ್ಲಿ 2002ರಲ್ಲಿ ಶುರುವಾದದ್ದು ಈ ಊರಿನ ಕೃಷ್ಣ ಅವರೇ ಮುಖ್ಯಮಂತ್ರಿಯಾಗಿದ್ದಾಗ. ಅನುದಾನ ಪಡೆಯದ ಖಾಸಗಿ ಶಾಲೆಯ ಮಕ್ಕಳಿಗೆ ಅದು ಸಿಗುವುದಿಲ್ಲ. ಇಲ್ಲಿ ಅಮ್ಮಂದಿರು ಐದಕ್ಕೇ ಎದ್ದು ಒಲೆ ಹಚ್ಚಬೇಕು.

ಊಟದ ಮೇಲಿನ ಪೀರಿಯಡ್ಡು ಕನ್ನಡ. ಕಣ್ಣು ಎಳೆಯುವ ಹೊತ್ತು. ಇಂಗ್ಲಿಷ್ ಮತ್ತು ಗಣಿತಕ್ಕೆ ಬೆಳಗಿನ ತಾಜಾ ಗಂಟೆಗಳನ್ನು ಕೊಟ್ಟು, ಕನ್ನಡವನ್ನು ಈ ತೂಕಡಿಕೆಗೆ ಬಿಟ್ಟಿರುವುದು ನನ್ನ ಮನಸ್ಸಿಗೆ ಹಿಡಿಸದ ಸಂಗತಿ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ರಾಜ್ಯದ ಎಲ್ಲ ಶಾಲೆಗಳೂ ಕನ್ನಡವನ್ನು ಮೊದಲ ಅಥವಾ ಎರಡನೆಯ ಭಾಷೆಯಾಗಿ ಕಲಿಸಲೇಬೇಕು ಎಂದಿದೆ. ಕಾನೂನಿಗೆ ಹೆದರಿ ಕಲಿಸಿದ ಭಾಷೆ ಮಕ್ಕಳ ಮುಖದಲ್ಲಿ ಗೊತ್ತಾಗಿಬಿಡುತ್ತದೆ. ಕ್ರೈಸ್ತ ಶಾಲೆಗಳಿಗಂತೂ ಹೆದರುವ ಕಾರಣವೇ ಇಲ್ಲ. ಕನ್ನಡ ಅವರ ಮನೆಯ ಆಸ್ತಿ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಶಾಲೆ ತೆರೆದರು, ಮಕ್ಕಳ ಕೈಗೆ ಪುಸ್ತಕ ಕೊಡಲು ಅಚ್ಚುಕೂಟ ಹಾಕಿದರು. 1843ರಲ್ಲಿ ಅವರಲ್ಲೊಬ್ಬರಾದ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದರು, 1894ರಲ್ಲಿ ಅದೇ ಮಿಶನ್ನಿನ ಕಿಟೆಲ್ಲರ ಕನ್ನಡ ನಿಘಂಟು ಬಂತು. ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಸಿದ್ಧಪಡಿಸಿದ ಪದ್ಯ ಪುಸ್ತಕಗಳೂ ಆ ಮಿಶನ್ನಿನ ಪ್ರಕಟಣೆಗಳೇ. ತೀರ್ಥಹಳ್ಳಿಯ ಕಾಡಿನಿಂದ ಮೈಸೂರಿಗೆ ಬಂದ ಹುಡುಗ ಪುಟ್ಟಪ್ಪ ಓದಿದ್ದು ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿ. ಅಲ್ಲಿ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಅವರು ಕುವೆಂಪು ಆದ ಕಥೆ ಎಲ್ಲರಿಗೂ ಗೊತ್ತು.

ಈ ಶಾಲೆಯ ಕನ್ನಡ ಮಿಸ್ಸಿಗೆ ಆ ಆಸ್ತಿಯ ಅರಿವಿದೆ. ತೂಕಡಿಕೆ ಬಿಡಿಸಲು ಅವರು ಪುಸ್ತಕ ಮುಚ್ಚಿಸುತ್ತಾರೆ. ಬೆಳಗಿನ ವಿಜ್ಞಾನದ ಸುದ್ದಿ ಸ್ಟಾಫ್ ರೂಮಿನಲ್ಲಿ ಅವರ ಕಿವಿಗೂ ಬಿದ್ದಿದೆ. "ನಾಳೆ ಎಲ್ರೂ ಆಲೆಮನೆ ಬಗ್ಗೆ ಎರಡು ಪುಟ ಬರ್ಕೊಂಡು ಬನ್ನಿ. ಗೈಡಿಂದ ಬೇಡ. ಮನೇಲಿ ಕೇಳಿ, ನೋಡಿ, ಬರೀರಿ." ತರಗತಿ ಒಮ್ಮೆಲೆ ಎಚ್ಚರಾಗುತ್ತದೆ. ಕಬ್ಬು ಅರೆಯುವ ಗಾಣಕ್ಕೆ ಕೈ ಹತ್ತಿರ ಒಯ್ಯಬಾರದು ಅನ್ನುವವನೊಬ್ಬ. ಬಿಸಿ ಪಾಕವನ್ನು ಬಾಳೆ ಎಲೆಯ ಮೇಲೆ ಸುರಿಸಿಕೊಂಡು ನೆಕ್ಕಿದ ಕಥೆ ಇನ್ನೊಬ್ಬನದು. ಹಾಲು ಹಿಂಡಿದ ಕಬ್ಬಿನ ರಚ್ಚು ಒಣಗಿಸಿ ಒಲೆಗೆ ತಳ್ಳುವುದು ತನ್ನ ಅಣ್ಣನ ಕೆಲಸ ಅನ್ನುವವಳು ಒಬ್ಬಳು. ಎಲ್ಲವೂ ಕನ್ನಡದಲ್ಲಿ, ಎಲ್ಲರೂ ಒಟ್ಟಿಗೆ. ಬೆಳಿಗ್ಗೆಯಿಂದ ಬಾಯಿ ಬಿಡದಿದ್ದ ಆರೇಳು ಮಕ್ಕಳ ದನಿಯನ್ನು ನಾನು ಕೇಳಿದ್ದು ಆಗಲೇ. ಕನ್ನಡ ಮಾತಾಡಿದರೆ ದಂಡ ಹಾಕುವ ಇಂಗ್ಲಿಷ್ ಶಾಲೆಗಳೂ ಇವೆ. ಅಂಥ ಕಡೆ ಈ ದನಿಗಳು ವರ್ಷವಿಡೀ ಕೇಳಿಸದೆ ಹೋಗುತ್ತವಲ್ಲ ಎಂದು ಸಂಕಟವಾಗುತ್ತದೆ.

ಎಂಟನೆಯ ತರಗತಿಯ ಹೊಸ್ತಿಲಲ್ಲಿ ಇನ್ನೊಂದು ಲೆಕ್ಕಾಚಾರ ಎದುರಾಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ಭಾಷೆಗೆ 125 ಅಂಕ, ಉಳಿದ ವಿಷಯಗಳಿಗೆ ನೂರು ನೂರು. ಕನ್ನಡವನ್ನು ಮೊದಲ ಭಾಷೆಯಾಗಿ ತೆಗೆದುಕೊಳ್ಳಬೇಕೋ ಇಂಗ್ಲಿಷನ್ನೋ ಎಂದು ಪೋಷಕರ ಸಭೆಯ ದಿನ ಕಾರಿಡಾರಿನ ಉದ್ದಕ್ಕೂ ಮಾತು. ಆಲೆಮನೆಯ ಹುಡುಗನ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದು ಕನ್ನಡ ಮಿಸ್ಸಿನ ಮುಂದೆ ಬೆಂಚಿನ ತುದಿಯಲ್ಲಿ ಕೂರುತ್ತಾರೆ.

"ಕನ್ನಡನೇ ಮೊದ್ಲುನ್ ಭಾಷೆ ತಕಂಡ್ರೆ ಮುಂದ್ಕೆ ಇವ್ನಿಗೆ ತೊಂದ್ರೆ ಆಯ್ತದಾ ಮೇಡಂ?"

"ಅವನು ಬರೆದಿರೋದನ್ನ ನೀವೇ ಒಂದು ಸಲ ಓದಿ ಸರ್, ಆಮೇಲೆ ಹೇಳಿ" ಎಂದು ಮಿಸ್ ನೋಟ್ ಪುಸ್ತಕ ಮುಂದಕ್ಕೆ ಸರಿಸುತ್ತಾರೆ.

ಅವರು ಬೆರಳು ಇಟ್ಟುಕೊಂಡು ನಿಧಾನಕ್ಕೆ ಓದುತ್ತಾ ಹೋಗುತ್ತಾರೆ. ಎರಡನೆಯ ಪುಟದ ನಡುವೆ ಬೆರಳು ನಿಲ್ಲುತ್ತದೆ. "ಇಲ್ಲಿ ತಪ್ಪು ಬರ್ದವ್ನೆ. ಮಡ್ಡಿ ತೆಗ್ದಾದ್ಮೇಲೆ ಸುಣ್ಣ ಅಂದವ್ನೆ. ಸುಣ್ಣದ್ ತಿಳಿ ಮೊದ್ಲು ಬಿಡ್ಬೇಕು, ಆಮ್ಯಾಕೆ ಮಡ್ಡಿ."

ಮಿಸ್ ತಮ್ಮ ಕೆಂಪು ಪೆನ್ನಿನ ಮುಚ್ಚಳ ತೆಗೆದು ಅವರ ಕೈಗೆ ಕೊಟ್ಟು, "ನೀವೇ ತಿದ್ದಿ ಸರ್" ಅಂದರು.