ಅಂಗದಾನ, ಕಸಿ, ಮಿದುಳು ಸಾವು: ಪುಣೆ ವಿಭಾಗದ ಒಂದು ವಿವೇಚನೆ

೧೯೬೮ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯಲ್ಲಿ ಡಾ. ಪಿ. ಕೆ. ಸೇನ್ ಅವರು ಭಾರತದ ಮೊದಲನೆಯ ಹೃದಯದ ಕಸಿಯನ್ನು ನಡೆಸಿದರು. ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಡಾ. ಕ್ರಿಶ್ಚಿಯನ್ ಬರ್ನಾರ್ಡ್ ಅವರು ಜಗತ್ತಿನ ಮೊದಲ ಹೃದಯದ ಕಸಿಯನ್ನು ಮಾಡಿ ಆಗ ಮೂರು ತಿಂಗಳೂ ತುಂಬಿರಲಿಲ್ಲ. ಸೇನ್ ಅವರ ರೋಗಿಯು ಕೆಲವು ತಾಸುಗಳಷ್ಟೇ ಬದುಕಿದನು. ಆ ನಗರದಲ್ಲಿ ಹೃದಯದ ಕಸಿಯು ಸಫಲವಾದದ್ದು ನಾಲ್ವತ್ತೇಳು ವರ್ಷಗಳ ತರುವಾಯ, ೨೦೧೫ರ ಆಗಸ್ಟ್ ೩ರಂದು. ಆ ದಿನ ಮುಲುಂಡದ ಆಸ್ಪತ್ರೆಯೊಂದರಲ್ಲಿ ಒಬ್ಬ ಯುವಕನ ಎದೆಯಲ್ಲಿ ಮಿಡಿಯತೊಡಗಿದ ಹೃದಯವು ಪುಣೆಯಿಂದ ವಿಮಾನದಲ್ಲಿ ಹೋದುದಾಗಿತ್ತು. ಪುಣೆಯ ಆಸ್ಪತ್ರೆಯಲ್ಲಿ ಮಿದುಳು ಸತ್ತಿದ್ದ ಮಹಿಳೆಯೊಬ್ಬರ ಬಂಧುಗಳು ಅದಕ್ಕೆ ಒಪ್ಪಿಗೆಯನ್ನು ಕೊಟ್ಟಿದ್ದರು.

ತೆರವಾದ ರಸ್ತೆ, ಕಾದು ನಿಂತ ವಿಮಾನ, ಶಸ್ತ್ರವೈದ್ಯರ ನೈಪುಣ್ಯ ಇವೆಲ್ಲ ಜನರ ಕಣ್ಣಿಗೆ ಬಿದ್ದವು, ವೃತ್ತಪತ್ರಗಳಲ್ಲಿಯೂ ಬಂದವು. ಇವೆಲ್ಲಕ್ಕಿಂತ ಮೊದಲು ಆಸ್ಪತ್ರೆಯೊಳಗೆ ಕೆಲವರ ನಡುವೆ ನಡೆದ ಮಾತುಕತೆಯನ್ನು ಕಂಡವರು ಕೆಲವರೇ. ಆ ಮಾತುಕತೆ ನಡೆಯದಿದ್ದರೆ ಮುಂದಿನದೊಂದೂ ನಡೆಯುತ್ತಿರಲಿಲ್ಲ. ಅಂಗದಾನದ ಪ್ರಮಾಣವು ಒಂದು ಪ್ರಾಂತದಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಏಕೆಂಬುದನ್ನು ವಿಚಾರಿಸುವವರು ಈ ಮಾತುಕತೆಯನ್ನೂ, ಅದು ಯಾವ ಭಾಷೆಯಲ್ಲಿ ಯಾವ ಶಬ್ದಗಳಲ್ಲಿ ನಡೆಯುತ್ತದೆಂಬುದನ್ನೂ ಲಕ್ಷ್ಯಕ್ಕೆ ತಂದುಕೊಳ್ಳಬೇಕಾಗುತ್ತದೆ. ಪರಭಾಷೆಯ ನಗರದಲ್ಲಿ ನೆಲಸಿದ ಕನ್ನಡಿಗರಿಗಂತೂ ಇದು ಮನೆಯ ಮಾತೇ ಆಗಿದೆ.

ದಾನದ ಮೂರು ಬಗೆ

ಅಂಗದಾನವೆಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆ. ಮೊದಲನೆಯದು ಬದುಕಿರುವವರು ಮಾಡುವ ದಾನ. ಎರಡು ಮೂತ್ರಪಿಂಡಗಳಲ್ಲಿ ಒಂದನ್ನಾಗಲಿ, ಮತ್ತೆ ಬೆಳೆಯಬಲ್ಲ ಯಕೃತ್ತಿನ ಒಂದು ಭಾಗವನ್ನಾಗಲಿ ಕೊಟ್ಟು ದಾನಿಯು ಬಾಳಬಹುದು. ೧೯೫೪ರ ಡಿಸೆಂಬರಿನಲ್ಲಿ ಬಾಸ್ಟನ್ನಿನ ಡಾ. ಜೋಸೆಫ್ ಮರ್ರೆ ಅವರು ಅವಳಿ ಸೋದರರ ನಡುವೆ ನಡೆಸಿದ ಮೂತ್ರಪಿಂಡದ ಕಸಿಯಿಂದ ಈ ವಿದ್ಯೆಯು ಕಾಲೂರಿತು. ಭಾರತದಲ್ಲಿ ೧೯೭೧ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಅದು ಸಿದ್ಧಿಸಿತು. ಪುಣೆಗೂ ಈ ಇತಿಹಾಸದಲ್ಲಿ ಒಂದು ಸ್ಥಾನವಿದೆ. ೨೦೧೭ರ ಮೇ ೧೮ರಂದು ಇಲ್ಲಿಯ ಗ್ಯಾಲಕ್ಸಿ ಕೇರ್ ಆಸ್ಪತ್ರೆಯಲ್ಲಿ ಡಾ. ಶೈಲೇಶ ಪುಣತಾಂಬೇಕರ ಮತ್ತು ಅವರ ಸಂಗಡಿಗರು ಭಾರತದ ಮೊದಲನೆಯ ಗರ್ಭಾಶಯದ ಕಸಿಯನ್ನು ಮಾಡಿದರು. ಸೊಲ್ಲಾಪುರದ ತರುಣಿಗೆ ಗರ್ಭಾಶಯವನ್ನಿತ್ತವಳು ಆಕೆಯ ತಾಯಿ. ಅಲ್ಲಿಯೇ ಇಂಥ ಕಸಿಯಾದ ಗುಜರಾತಿನ ಮಹಿಳೆಯೊಬ್ಬಳಿಗೆ ಮರುವರ್ಷ ಅಕ್ಟೋಬರಿನಲ್ಲಿ ಮಗು ಹುಟ್ಟಿತು.

ಎರಡನೆಯದು ಮಿದುಳು ಸತ್ತು, ಯಂತ್ರದ ಬಲದಿಂದ ಎದೆಬಡಿತವು ಇನ್ನೂ ನಡೆದಿರುವ ದೇಹದಿಂದ ಆಗುವ ದಾನ. ಹೃದಯ, ಪುಪ್ಪುಸ, ಇಡಿಯ ಯಕೃತ್ತು, ಎರಡೂ ಮೂತ್ರಪಿಂಡಗಳು ದೊರೆಯುವುದು ಇಲ್ಲಿಂದ. ಮೂರನೆಯದು ಊತಕಗಳ ದಾನ: ಕಣ್ಣಿನ ಪಾರದರ್ಶಕ ಪಟಲ, ಚರ್ಮ, ಎಲುಬು, ಹೃದಯದ ಕವಾಟ. ಕಣ್ಣು ಮತ್ತು ಚರ್ಮಗಳನ್ನು ಎದೆಬಡಿತ ನಿಂತ ಸಾಧಾರಣ ಸಾವಿನ ತರುವಾಯವೂ, ಸುಮಾರು ಆರು ತಾಸುಗಳೊಳಗಾಗಿ, ಮನೆಯಲ್ಲಿಯೇ ಪಡೆಯಬಹುದು.

ಈ ಎರಡನೆಯ ಮತ್ತು ಮೂರನೆಯ ಬಗೆಗಳ ಭೇದವು ಕನ್ನಡಿಗರು ಬಲ್ಲ ಎರಡು ಪ್ರಸಂಗಗಳಿಂದ ಸ್ಪಷ್ಟವಾಗುತ್ತದೆ. ನಟ ಪುನೀತ್ ರಾಜಕುಮಾರ್ ಅವರು ೨೦೨೧ರ ಅಕ್ಟೋಬರ್ ೨೯ರಂದು ಹೃದಯಸ್ತಂಭನದಿಂದ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. ಎರಡು ಪಟಲಗಳನ್ನು ಪದರುಪದರಾಗಿ ಬಿಡಿಸಿ ನಾಲ್ವರಿಗೆ ದೃಷ್ಟಿಯನ್ನು ಕೊಡಲಾಯಿತು. ಅವರ ತಂದೆ ರಾಜಕುಮಾರ್ ಅವರ ಕಣ್ಣುಗಳೂ ೨೦೦೬ರಲ್ಲಿ ಹೀಗೆಯೇ ದಾನವಾಗಿದ್ದವು. ಅದೇ ೨೦೨೧ರ ಜೂನಿನಲ್ಲಿ ರಸ್ತೆ ಅಪಘಾತಕ್ಕೆ ಈಡಾದ ನಟ ಸಂಚಾರಿ ವಿಜಯ್ ಅವರ ಮಿದುಳು ಸತ್ತಿತೆಂದು ವೈದ್ಯರು ನಿರ್ಣಯಿಸಿದ ಮೇಲೆ ಬಂಧುಗಳ ಒಪ್ಪಿಗೆಯಿಂದ ಕಣ್ಣುಗಳಲ್ಲದೆ ಮೂತ್ರಪಿಂಡಗಳು, ಯಕೃತ್ತು, ಹೃದಯದ ಕವಾಟಗಳು ಕೂಡ ಇತರರಿಗೆ ಸಂದವು. ಎರಡೂ ಕುಟುಂಬಗಳ ಔದಾರ್ಯ ಒಂದೇ. ಕೊಡಲು ಸಾಧ್ಯವಾದುದು ಸಾವಿನ ಬಗೆಯನ್ನು ಅನುಸರಿಸಿತು.

ಅಂಕಿಗಳು ಹೇಳುವುದು

ರಾಷ್ಟ್ರೀಯ ಅಂಗ ಮತ್ತು ಊತಕ ಕಸಿ ಸಂಸ್ಥೆಯ ಲೆಕ್ಕದಂತೆ ೨೦೧೩ರಲ್ಲಿ ದೇಶದಲ್ಲಿ ೪,೯೯೦ ಅಂಗಗಳ ಕಸಿ ನಡೆದಿತ್ತು. ೨೦೨೩ರಲ್ಲಿ ಅದು ೧೮,೩೭೮ಕ್ಕೆ ಏರಿತು. ಇವುಗಳಲ್ಲಿ ಮೂತ್ರಪಿಂಡ ೧೩,೪೨೬, ಯಕೃತ್ತು ೪,೪೯೧, ಹೃದಯ ೨೨೧, ಪುಪ್ಪುಸ ೧೯೭. ಮೇಲುನೋಟಕ್ಕೆ ಇದು ಸಂತೋಷದ ಲೆಕ್ಕ. ಆದರೆ ಜಮೆಯ ಬದಿಯನ್ನು ನೋಡಿದಷ್ಟಕ್ಕೆ ಖಾತೆ ತಿಳಿಯುವುದಿಲ್ಲ. ಯಾರ ಹೆಸರಿನಿಂದ ಜಮೆಯಾಯಿತೆಂಬುದನ್ನೂ ನೋಡಬೇಕು. ಆ ವರ್ಷದ ದಾನಿಗಳಲ್ಲಿ ಮೃತರು ೧,೦೯೯. ಬದುಕಿರುವವರು ಹದಿನೈದು ಸಾವಿರಕ್ಕೂ ಮೇಲೆ. ಈ ಬದುಕಿರುವ ದಾನಿಗಳಲ್ಲಿ ಹೆಂಗಸರು ೯,೭೮೪, ಗಂಡಸರು ೫,೬೫೧. ಅಂದರೆ ಮೃತರ ದಾನದ ಕೊರತೆಯನ್ನು ಹೆಚ್ಚಾಗಿ ತುಂಬಿಕೊಡುತ್ತಿರುವವರು ಮನೆಯ ತಾಯಂದಿರು, ಹೆಂಡಂದಿರು, ಅಕ್ಕತಂಗಿಯರು. ಸುಡುವ ಇಲ್ಲವೆ ಹೂಳುವ ದೇಹದಿಂದ ದೊರೆಯಬಹುದಾಗಿದ್ದ ಮೂತ್ರಪಿಂಡವು ದೊರೆಯದಿದ್ದಾಗ, ಅಡಿಗೆಮನೆಯಿಂದ ಒಬ್ಬಾಕೆ ಎದ್ದು ಬಂದು ತನ್ನದನ್ನು ಕೊಡುತ್ತಾಳೆ. ಮೃತರ ದಾನ ಹೆಚ್ಚಿದರೆ ಹಗುರಾಗುವ ಹೊರೆ ಯಾರದೆಂಬುದು ಇದರಿಂದ ಗೊತ್ತಾಗುತ್ತದೆ.

೨೦೨೪ರಲ್ಲಿ ಮೃತದಾನಿಗಳ ಸಂಖ್ಯೆಯು ತಮಿಳುನಾಡಿನಲ್ಲಿ ೨೬೮, ಕರ್ನಾಟಕದಲ್ಲಿ ೧೯೮, ಮಹಾರಾಷ್ಟ್ರದಲ್ಲಿ ೧೭೨ ಇದ್ದಿತು. ಜನಸಂಖ್ಯೆಗೆ ಹೋಲಿಸಿದರೆ ಕರ್ನಾಟಕದಲ್ಲಿ ಹತ್ತು ಲಕ್ಷ ಜನರಿಗೆ ಮೂರರ ಸಮೀಪ, ಮಹಾರಾಷ್ಟ್ರದಲ್ಲಿ ಒಂದೂವರೆಯ ಸಮೀಪ. ಇಡಿಯ ದೇಶದಲ್ಲಿ ಒಂದಕ್ಕಿಂತಲೂ ಕಡಿಮೆ. ಸ್ಪೇನಿನಲ್ಲಿ ಇದೇ ಪ್ರಮಾಣವು ಸುಮಾರು ಐವತ್ತು. ಸ್ಪೇನಿನವರು ಭಾರತೀಯರಿಗಿಂತ ಹೆಚ್ಚು ದಾನಶೀಲರೆಂದು ಇದರ ಅರ್ಥವಲ್ಲ. ಅಲ್ಲಿ ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಮಿದುಳು ಸಾವನ್ನು ಗುರುತಿಸುವುದಕ್ಕೂ, ಕುಟುಂಬದವರೊಡನೆ ಸಾವಧಾನವಾಗಿ ಮಾತನಾಡುವುದಕ್ಕೂ ತರಬೇತಿ ಹೊಂದಿದವರನ್ನು ಬಹಳ ಹಿಂದೆಯೇ ನೇಮಿಸಿದರು.

ಶಾಸನದ ಕಟ್ಟು

ಬೆಂಗಳೂರು, ಮದರಾಸು, ಮುಂಬಯಿಗಳಲ್ಲಿ ಬಡವರ ಮೂತ್ರಪಿಂಡಗಳು ಹಣಕ್ಕೆ ಮಾರಾಟವಾಗುತ್ತಿದ್ದ ಕಾಲದಲ್ಲಿ, ೧೯೯೪ರಲ್ಲಿ, ಮಾನವ ಅಂಗಗಳ ಕಸಿಯ ಕಾಯಿದೆಯು ಹುಟ್ಟಿತು. ೧೯೯೫ರ ಫೆಬ್ರವರಿ ೪ರಂದು ಅದು ಮೊತ್ತಮೊದಲು ಜಾರಿಗೆ ಬಂದ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಒಂದು. ಮಾರಾಟವನ್ನು ಅದು ಅಪರಾಧವೆಂದು ಸಾರಿತು. ಮಿದುಳುಕಾಂಡದ ಸಾವನ್ನು ಸಾವೆಂದು ಮಾನ್ಯಮಾಡಿತು. ೨೦೧೧ರ ತಿದ್ದುಪಡಿಯು ಊತಕಗಳನ್ನೂ ಸೇರಿಸಿಕೊಂಡು, ತೀವ್ರನಿಗಾ ವಿಭಾಗದಲ್ಲಿ ಇಂಥ ಪ್ರಸಂಗ ಒದಗಿದಾಗ ಬಂಧುಗಳಿಗೆ ದಾನದ ಅವಕಾಶವನ್ನು ತಿಳಿಸುವುದನ್ನು ಆಸ್ಪತ್ರೆಯ ಕರ್ತವ್ಯವನ್ನಾಗಿ ಮಾಡಿತು.

ನಿರ್ಣಯದ ಕ್ರಮವು ಬಿಗಿಯಾದುದು. ನಾಲ್ವರು ವೈದ್ಯರು, ಕಸಿಯ ತಂಡಕ್ಕೆ ಸೇರದವರು, ಪರೀಕ್ಷೆಯನ್ನು ನಡೆಸಬೇಕು. ಕನಿಷ್ಠ ಆರು ತಾಸುಗಳ ಅಂತರದಿಂದ ಎರಡನೆಯ ಸಲವೂ ನಡೆಸಬೇಕು. ಕಣ್ಣಪಾಪೆಗೆ ಬೆಳಕು ಬಿಟ್ಟು ನೋಡುತ್ತಾರೆ. ಗಂಟಲಿನ ಕೆಮ್ಮನ್ನು ಕೆಣಕಿ ನೋಡುತ್ತಾರೆ. ಕಡೆಗೆ ಆಮ್ಲಜನಕವನ್ನು ಒದಗಿಸುತ್ತ ಉಸಿರಾಟದ ಯಂತ್ರವನ್ನು ಬೇರ್ಪಡಿಸಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡು ಏರಿದಾಗಲೂ ದೇಹವು ತಾನಾಗಿ ಒಂದು ಉಸಿರನ್ನಾದರೂ ಎಳೆಯುತ್ತದೆಯೇ ಎಂದು ಕಾಯುತ್ತಾರೆ. ಎಳೆಯದಿದ್ದರೆ, ಎಲ್ಲ ಪರೀಕ್ಷೆಗಳೂ ಒಂದೇ ಮಾತನ್ನು ಹೇಳಿದರೆ, ಅದು ಸಾವು. ಪ್ರಜ್ಞೆ ತಪ್ಪಿದ ಸ್ಥಿತಿಯಿಂದ ಮರಳಿದವರುಂಟು, ಇದರಿಂದ ಮರಳಿದವರಿಲ್ಲ.

ಇದಾದ ಮೇಲೆ ಬಂಧುಗಳ ಒಪ್ಪಿಗೆ. ಹೃದಯ, ಪುಪ್ಪುಸಗಳನ್ನು ಸುಮಾರು ನಾಲ್ಕರಿಂದ ಆರು ತಾಸುಗಳೊಳಗೆ, ಯಕೃತ್ತನ್ನು ಹನ್ನೆರಡು ತಾಸುಗಳೊಳಗೆ, ಮೂತ್ರಪಿಂಡವನ್ನು ಒಂದು ದಿನದೊಳಗೆ ಕಸಿ ಮಾಡುವುದು ವಾಡಿಕೆ. ಹಂಚಿಕೆಯನ್ನು ನೋಡಿಕೊಳ್ಳುವುದು ವಿಭಾಗೀಯ ಕಸಿ ಸಮನ್ವಯ ಕೇಂದ್ರ. ಮಹಾರಾಷ್ಟ್ರದಲ್ಲಿ ಮುಂಬಯಿ, ಪುಣೆ, ನಾಗಪುರ, ಛತ್ರಪತಿ ಸಂಭಾಜಿನಗರ ಎಂದು ಇಂಥ ನಾಲ್ಕು ಕೇಂದ್ರಗಳಿವೆ. ಕುಟುಂಬದವರಿಗೆ ಇದರಿಂದ ಖರ್ಚೂ ಇಲ್ಲ, ಹಣದ ಲಾಭವೂ ಇಲ್ಲ. ಶಸ್ತ್ರಕ್ರಿಯೆಯ ತರುವಾಯ ದೇಹವನ್ನು ಹೊಲಿದು ಅಂತ್ಯಸಂಸ್ಕಾರಕ್ಕೆ ಯೋಗ್ಯವಾಗಿ ಒಪ್ಪಿಸುತ್ತಾರೆ.

ವಲಸೆ ಬಂದವರಿಗೆ ಉಪಯುಕ್ತವಾದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಮೃತದಾನಿಯ ಅಂಗಕ್ಕಾಗಿ ಹೆಸರು ನೋಂದಿಸಲು ಆಯಾ ರಾಜ್ಯದ ನಿವಾಸಿಯಾಗಿರಬೇಕೆಂಬ ನಿಬಂಧನೆಯನ್ನೂ, ಅರುವತ್ತೈದು ವರ್ಷಗಳ ವಯೋಮಿತಿಯನ್ನೂ ಕೇಂದ್ರ ಸರಕಾರವು ೨೦೨೩ರಲ್ಲಿ ತೆಗೆದುಹಾಕಿತು. ವಿಜಯಪುರದಿಂದ ಬಂದವನು ಪುಣೆಯಲ್ಲಿ ಪರಕೀಯನೆಂದು ಎಣಿಸಬೇಕಾಗಿಲ್ಲ.

ಒಂದು ಶಬ್ದದ ತೊಡಕು

ಪುಣೆ ಕೇಂದ್ರದ ವ್ಯಾಪ್ತಿಯಲ್ಲಿ ಸೊಲ್ಲಾಪುರ, ಸಾಂಗಲಿ, ಕೊಲ್ಹಾಪುರ ಜಿಲ್ಲೆಗಳು ಸೇರಿವೆ. ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳ ಅನೇಕ ಮನೆಗಳಲ್ಲಿ ಕನ್ನಡವೇ ಆಡುಮಾತು. ಇವರಲ್ಲದೆ ನಗರದಲ್ಲಿಯೇ ಹಿಂದಿನಿಂದ ನೆಲಸಿದ ಕನ್ನಡಿಗರಿದ್ದಾರೆ. ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿ ಕಡೆಯ ಕೂಲಿಗಾರರಿದ್ದಾರೆ. ರಸ್ತೆಯ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವನನ್ನು ಪುಣೆಗೆ ತರುತ್ತಾರೆ. ಅವನ ತಾಯಿಗೆ ವೈದ್ಯರ ಮಾತು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಕೇಳಿಸುತ್ತದೆ. ಸಂತೆಯಲ್ಲಿ ಸಾಕಾಗುವ ಮರಾಠಿಯು ಸಾವನ್ನು ತಿಳಿಯುವುದಕ್ಕೆ ಸಾಲದು. ಆಗ ಜೊತೆಯಲ್ಲಿದ್ದ ಸೋದರಳಿಯನೋ ನೆರೆಯವನೋ ಆ ಮಾತನ್ನು ಕನ್ನಡಕ್ಕೆ ತಿರುಗಿಸುತ್ತಾನೆ. ತೊಡಕು ಹುಟ್ಟುವುದು ಇಲ್ಲಿ.

ಮರಾಠಿಯಲ್ಲಿ ಇಂಥ ವ್ಯಕ್ತಿಯನ್ನು ‘ಮೇಂದೂಮೃತ’ ಎನ್ನುತ್ತಾರೆ. ಶಬ್ದದೊಳಗೇ ಸಾವು ಇದೆ. ಕನ್ನಡದ ಪತ್ರಿಕೆಗಳಲ್ಲಿ ರೂಢಿಗೆ ಬಂದ ಮಾತು ‘ಮಿದುಳು ನಿಷ್ಕ್ರಿಯ’. ನಿಷ್ಕ್ರಿಯವಾದುದು ಮತ್ತೆ ಸಕ್ರಿಯವಾಗಬಹುದು. ವ್ಯವಹಾರ ನಡೆಯದೆ ನಿಷ್ಕ್ರಿಯವಾದ ಬ್ಯಾಂಕಿನ ಖಾತೆಯನ್ನು ಒಂದು ಅರ್ಜಿ ಕೊಟ್ಟು ಮರಳಿ ನಡೆಸಬಹುದೆಂಬುದನ್ನು ಸಾಮಾನ್ಯ ಜನರೂ ಬಲ್ಲರು. ಆದುದರಿಂದ ಆ ಶಬ್ದವನ್ನು ಕೇಳಿದ ತಾಯಿಯು ‘ಹಾಗಾದರೆ ಯಾವಾಗ ಸರಿಹೋದೀತು?’ ಎಂದು ಕೇಳುವುದು ಸಹಜ. ಅವಳ ಪ್ರಶ್ನೆಯಲ್ಲಿ ತಪ್ಪಿಲ್ಲ. ಅವಳಿಗೆ ದಾಟಿಸಿದ ಶಬ್ದದಲ್ಲಿ ತಪ್ಪಿದೆ. ಇದಾದ ಮೇಲೆ ದಾನದ ಮಾತು ಬಂದರೆ, ಬದುಕಿರುವ ಮಗನನ್ನು ಕೊಯ್ಯಲು ಒಪ್ಪಿಗೆ ಕೇಳುತ್ತಿರುವರೆಂದೇ ಆಕೆಗೆ ತೋರೀತು.

ಇದಕ್ಕೆ ಇನ್ನೂ ಆಳವಾದ ಕಾರಣವೊಂದಿದೆ. ಸಾವನ್ನು ಹೇಳುವ ಕನ್ನಡದ ಮಾತುಗಳು ಹೆಚ್ಚಾಗಿ ಉಸಿರನ್ನು ಅವಲಂಬಿಸಿವೆ: ಕೊನೆಯುಸಿರೆಳೆದನು, ಉಸಿರು ನಿಂತಿತು, ಪ್ರಾಣ ಹೋಯಿತು, ಅಸುನೀಗಿದನು. ಪ್ರಾಣವೂ ಅಸುವೂ ಮೂಲದಲ್ಲಿ ಉಸಿರೇ. ಮಿದುಳು ಸತ್ತವನ ಎದೆಯಾದರೋ ಯಂತ್ರದ ಬಲದಿಂದ ಏರಿ ಇಳಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ. ಕಣ್ಣು ಕಂಡದ್ದೂ ಭಾಷೆ ಕಲಿಸಿದ್ದೂ ಒಟ್ಟಾಗಿ ‘ಇದ್ದಾನೆ’ ಎನ್ನುತ್ತವೆ. ಉಸಿರು ಅವನದಲ್ಲ, ಯಂತ್ರದ್ದು ಎಂಬ ಒಂದು ಮಾತನ್ನು ತಿಳಿಗನ್ನಡದಲ್ಲಿ ಹೇಳುವವರು ಬೇಕು. ‘ಮಿದುಳು ಸತ್ತಿದೆ, ಆದುದರಿಂದ ಆತನು ತೀರಿಕೊಂಡಿದ್ದಾನೆ’ ಎಂಬುದು ಕಠಿಣವಾದ ಮಾತೇನೋ ಹೌದು. ಆದರೆ ಮೃದುವೆಂದು ತೋರುವ ಇನ್ನೊಂದು ಮಾತು ಇಲ್ಲದ ಆಸೆಯನ್ನು ಹುಟ್ಟಿಸಿ, ಮೂರು ದಿನಗಳ ತರುವಾಯ ಎದೆಬಡಿತವೂ ನಿಂತಾಗ ಎರಡನೆಯ ಸಲ ಸಾವನ್ನು ತೋರಿಸುತ್ತದೆ.

ಕನ್ನಡಕ್ಕೆ ಈ ವಿಷಯದಲ್ಲಿ ಶಬ್ದದಾರಿದ್ರ್ಯವೇನೂ ಇಲ್ಲ. ‘ಕಸಿ’ ಎಂಬ ಶಬ್ದವನ್ನೇ ನೋಡಬಹುದು. ಮಾವಿನ ತೋಟದಿಂದ ಅದು ಶಸ್ತ್ರವೈದ್ಯರ ಮೇಜಿಗೆ ಬಂದಿತು. ಒಂದು ಗಿಡದ ಕುಡಿ ಇನ್ನೊಂದರಲ್ಲಿ ಚಿಗುರುವುದನ್ನು ಕಂಡ ರೈತನಿಗೆ ಮೂತ್ರಪಿಂಡದ ಕಸಿಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಕರ್ನಾಟಕ ಸರಕಾರದ ಅಂಗದಾನ ಸಂಸ್ಥೆಗೆ ‘ಜೀವಸಾರ್ಥಕತೆ’ ಎಂಬ ಹೆಸರಿದೆ; ಅದೂ ಅರ್ಥವತ್ತಾದುದು. ನಡುವಿನ ಒಂದು ಶಬ್ದವನ್ನು ನೆಟ್ಟಗೆ ಮಾಡಿಕೊಳ್ಳುವುದಷ್ಟೇ ಉಳಿದಿದೆ.

ಮಾಡಬಹುದಾದುದು

ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಅನೇಕ ವಿದ್ಯಾವಂತರು ಭಾವಿಸುತ್ತಾರೆ. ರೂಢಿಯಲ್ಲಿ ಕಡೆಯ ಮಾತು ಬಂಧುಗಳದೇ. ಅವರು ಬೇಡವೆಂದರೆ ವೈದ್ಯರು ಮುಂದುವರಿಯುವುದಿಲ್ಲ. ಉಳಿತಾಯದ ಖಾತೆಗೆ ವಾರಸುದಾರನನ್ನು ಹೆಸರಿಸಿ, ಆ ಸಂಗತಿಯನ್ನು ಮನೆಯಲ್ಲಿ ತಿಳಿಸದೆ ತೀರಿಹೋದವರ ಹಣವಾದರೂ ತಡವಾಗಿ ಕೈಸೇರುತ್ತದೆ. ಇಲ್ಲಿ ಆ ತಡಕ್ಕೆ ಆಸ್ಪದವಿಲ್ಲ. ಆದುದರಿಂದ ಪ್ರತಿಜ್ಞೆಗಿಂತ ಮುಖ್ಯವಾದುದು ಒಂದು ಸಂಜೆ ಊಟಕ್ಕೆ ಕುಳಿತಾಗ, ಮನೆಮಾತಿನಲ್ಲಿ, ಹೆಂಡತಿ ಮಕ್ಕಳೆದುರು ಆಡಿಬಿಟ್ಟ ಒಂದು ಮಾತು. ದುಃಖದ ಗಳಿಗೆಯಲ್ಲಿ ‘ಅವರು ಹೀಗೆ ಹೇಳಿದ್ದರು’ ಎಂಬ ನೆನಪು ಬಂಧುಗಳ ತಲೆಯ ಮೇಲಿನ ಭಾರವನ್ನು ಇಳಿಸುತ್ತದೆ.

ಪರಸ್ಥಳದ ಕನ್ನಡ ಸಂಘಗಳಿಗೂ ಇಲ್ಲಿ ಕೆಲಸವುಂಟು. ಮಿದುಳು ಸಾವು ಎಂದರೇನು, ಅದನ್ನು ಹೇಗೆ ನಿರ್ಣಯಿಸುತ್ತಾರೆ, ಬೇಡವೆನ್ನುವ ಹಕ್ಕು ಕುಟುಂಬಕ್ಕೆ ಹೇಗೆ ಇದ್ದೇ ಇದೆ ಎಂಬುದನ್ನು ತಿಳಿಗನ್ನಡದ ಒಂದು ಪುಟದಲ್ಲಿ ವೈದ್ಯರಿಂದ ಪರಿಶೋಧಿಸಿ ಅಚ್ಚುಮಾಡಬಹುದು. ಸಮನ್ವಯ ಕೇಂದ್ರಕ್ಕೆ ಕನ್ನಡ ಬಲ್ಲ ಕೆಲವರ ಹೆಸರುಗಳನ್ನು ಕೊಟ್ಟಿರಬಹುದು. ಅವರು ಒಪ್ಪಿಗೆಯನ್ನು ಕೇಳುವವರಲ್ಲ, ಒತ್ತಾಯಿಸುವವರಂತೂ ಅಲ್ಲವೇ ಅಲ್ಲ. ಆ ಕೆಲಸ ಆಸ್ಪತ್ರೆಯ ಸಮನ್ವಯಾಧಿಕಾರಿಯದು. ಹೇಳಿದ್ದನ್ನು ಇದ್ದಂತೆ ಕನ್ನಡದಲ್ಲಿ ತಿಳಿಸಿ, ತಾಯಿಯ ಪ್ರಶ್ನೆಯನ್ನು ಇದ್ದಂತೆ ವೈದ್ಯರಿಗೆ ಮುಟ್ಟಿಸಿ, ಆಕೆ ಹೌದೆಂದರೂ ಅಲ್ಲವೆಂದರೂ ಕೊನೆಯವರೆಗೆ ಬಳಿಯಲ್ಲಿ ಕುಳಿತಿರುವುದಷ್ಟೇ ಅವರ ಧರ್ಮ. ಸಂಘವು ನಡೆಸುವ ನಾಡಹಬ್ಬ, ನಾಟಕ, ಉಪನ್ಯಾಸಗಳಿಂದ ಉಳಿದುಬಂದ ಕನ್ನಡವು ಅಂಥ ರಾತ್ರಿಯಲ್ಲಿಯೂ ಕೆಲಸಕ್ಕೆ ಬರಬೇಕಾದ ಕನ್ನಡವಾಗಿದೆ.