ಬಡತನ ಮತ್ತು ಆರೋಗ್ಯ: ಅನ್ನವೂ ಒಂದು ಔಷಧ

ರೋಗಕ್ಕೆ ಬಡವ-ಬಲ್ಲಿದನೆಂಬ ಭೇದವಿಲ್ಲ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ಯಾರು ಬೇಗನೆ ಕಾಯಿಲೆ ಬೀಳುತ್ತಾರೆ, ಯಾರು ಚೇತರಿಸಿಕೊಳ್ಳುತ್ತಾರೆ ಎಂಬುದನ್ನು ಗಮನಿಸಿದರೆ ಭೇದವು ಸ್ಪಷ್ಟವಾಗಿ ಕಾಣುತ್ತದೆ. ಇದನ್ನು ಹಣೆಬರಹವೆಂದು ಕೈಚೆಲ್ಲುವವರುಂಟು. ಬಡತನವು ಯಾವ ದಾರಿಯಿಂದ ದೇಹವನ್ನು ಸೇರುತ್ತದೆಂದು ಅರಿತರೆ, ಆ ದಾರಿಯನ್ನು ಮುಚ್ಚಬಹುದೆಂಬುದೂ ಅರಿವಾಗುತ್ತದೆ.

ಮೊದಲನೆಯ ದಾರಿ ಆಹಾರದ ಕೊರತೆ. ಕ್ಷಯರೋಗವೇ ಇದಕ್ಕೆ ಉತ್ತಮ ನಿದರ್ಶನ. ಕ್ಷಯಕ್ಕೆ ಕಾರಣವಾದ ರೋಗಾಣುವನ್ನು ಜರ್ಮನಿಯ ರಾಬರ್ಟ್ ಕಾಕ್ 1882ರಲ್ಲಿ ಪತ್ತೆ ಹಚ್ಚಿದರು. ಆದರೆ ಈ ರೋಗಾಣು ದೇಹವನ್ನು ಹೊಕ್ಕ ಮಾತ್ರಕ್ಕೆ ಎಲ್ಲರಿಗೂ ಕ್ಷಯ ಬರುವುದಿಲ್ಲ. ಬಹುತೇಕರಲ್ಲಿ ಅದು ಸುಪ್ತವಾಗಿಯೇ ಉಳಿಯುತ್ತದೆ. ಪೌಷ್ಟಿಕ ಆಹಾರವಿಲ್ಲದೆ ರೋಗನಿರೋಧಕ ಶಕ್ತಿ ಕುಗ್ಗಿದಾಗ ಅದು ತಲೆಯೆತ್ತುತ್ತದೆ.

ಆಹಾರವನ್ನು ಒದಗಿಸಿದರೆ ಕ್ಷಯವನ್ನು ತಡೆಯಬಹುದೇ? ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಹಾಗೂ ಅವರ ಸಹೋದ್ಯೋಗಿಗಳು ಈ ಪ್ರಶ್ನೆಗೆ ಜಾರ್ಖಂಡ್‌ನಲ್ಲಿ ಉತ್ತರ ಹುಡುಕಿದರು. 2,800 ರೋಗಿಗಳು ಮತ್ತು ಅವರ ಮನೆಗಳ ಹತ್ತು ಸಾವಿರಕ್ಕೂ ಹೆಚ್ಚು ಸದಸ್ಯರು ಈ ಅಧ್ಯಯನದಲ್ಲಿದ್ದರು. ರೋಗಿಗಳೆಲ್ಲರಿಗೂ ಪ್ರತಿ ತಿಂಗಳು ಆಹಾರಧಾನ್ಯದ ಕಿಟ್ ನೀಡಲಾಯಿತು. ಒಂದು ಗುಂಪಿನಲ್ಲಿ ಮಾತ್ರ, ಜೊತೆಗೆ ವಾಸಿಸುವ ಕುಟುಂಬದವರಿಗೂ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಹಾಗೂ ಜೀವಸತ್ವದ ಮಾತ್ರೆಗಳು ದೊರೆತವು. 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಈ ಕುಟುಂಬಗಳಲ್ಲಿ ಹೊಸದಾಗಿ ಕ್ಷಯ ಬರುವ ಪ್ರಮಾಣ ಶೇ. 39ರಷ್ಟು ಕಡಿಮೆಯಾಗಿತ್ತು. ಇತರರಿಗೆ ಹರಡುವ ಶ್ವಾಸಕೋಶದ ಕ್ಷಯವು ಶೇ. 48ರಷ್ಟು ತಗ್ಗಿತ್ತು. ಅಕ್ಕಿ-ಬೇಳೆಯೇ ಇಲ್ಲಿ ರಕ್ಷೆಯಾಯಿತು.

ಎರಡನೆಯ ದಾರಿ ಚಿಕಿತ್ಸೆಯ ವೆಚ್ಚದ ಭಯ. ಎದೆನೋವು ಕಾಣಿಸಿಕೊಂಡರೂ "ಇನ್ನೆರಡು ದಿನ ನೋಡೋಣ" ಎನ್ನುವ ಮನೆಯ ಹಿರಿಯರು ನೋವನ್ನು ಅರಿಯದವರಲ್ಲ, ಖರ್ಚಿಗೆ ಅಂಜಿದವರು. ಈ ಅಂಜಿಕೆಯ ಬೆಲೆ ಎಷ್ಟೆಂಬುದನ್ನು ನಮ್ಮ ನಾಡಿನಲ್ಲಿಯೇ ಅಳೆಯಲಾಗಿದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಮೊದಲು ಉತ್ತರ ಕರ್ನಾಟಕದಲ್ಲಿ ಜಾರಿಗೆ ಬಂದಿತು. ಬಡತನ ರೇಖೆಗಿಂತ ಕೆಳಗಿನವರಿಗೆ ಹೃದ್ರೋಗ, ಕ್ಯಾನ್ಸರ್ ಮೊದಲಾದ ಗಂಭೀರ ಕಾಯಿಲೆಗಳ ಉಚಿತ ಚಿಕಿತ್ಸೆ ಅದರಿಂದ ಲಭಿಸಿತು. ಯೋಜನೆ ತಲುಪಿದ ಹಳ್ಳಿಗಳನ್ನೂ, ಗಡಿಯ ಆಚೆಗಿದ್ದು ಇನ್ನೂ ತಲುಪದ ಹಳ್ಳಿಗಳನ್ನೂ ಸಂಶೋಧಕರು ಹೋಲಿಸಿದರು. ಈ ಕಾಯಿಲೆಗಳಿಂದ ಸಂಭವಿಸಿದ ಸಾವಿನ ಪ್ರಮಾಣ ಯೋಜನೆಯಿದ್ದಲ್ಲಿ ಶೇ. 0.32, ಇಲ್ಲದಲ್ಲಿ ಶೇ. 0.90. ಅಕ್ಕಪಕ್ಕದ ಊರುಗಳ, ಒಂದೇ ಬಗೆಯ ಬದುಕಿನ ಬಡವರ ನಡುವೆ ಇಷ್ಟು ಅಂತರ!

ಮೂರನೆಯದು ದಾರಿಗಿಂತ ಹೆಚ್ಚಾಗಿ ಒಂದು ಸುಳಿ. ಬಡತನದಿಂದ ರೋಗ ಬಂದರೆ, ರೋಗದಿಂದ ಬಡತನ ಇಮ್ಮಡಿಯಾಗುತ್ತದೆ. ಕ್ಷಯದ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ದೊರೆತರೂ, ಕೆಲಸಕ್ಕೆ ಹೋಗದ ದಿನಗಳ ಕೂಲಿಯನ್ನು ಯಾರೂ ಕೊಡುವುದಿಲ್ಲ. ಕೈಸಾಲ ಬೆಳೆಯುತ್ತದೆ, ಒಡವೆ ಅಡವಿಗೆ ಹೋಗುತ್ತದೆ, ಮಕ್ಕಳ ಓದು ನಿಲ್ಲುತ್ತದೆ. ಸಾಲದ ಚಿಂತೆಯಿಂದ ನಿದ್ರೆ ಕೆಡುತ್ತದೆ. ಮನಸ್ಸಿನ ನೆಮ್ಮದಿಯೊಂದಿಗೆ ದೇಹದ ಸ್ವಾಸ್ಥ್ಯವೂ ಹಾಳಾಗುತ್ತದೆ.

ಹಾಗಾದರೆ ನಾವು ಮಾಡಬಹುದಾದುದೇನು? ಕ್ಷಯರೋಗಿಗಳ ಪೋಷಣೆಗಾಗಿ ಸರ್ಕಾರವು ನಿಕ್ಷಯ್ ಪೋಷಣ್ ಯೋಜನೆಯಡಿ 2018ರಿಂದ ತಿಂಗಳಿಗೆ 500 ರೂಪಾಯಿ ನೀಡುತ್ತಿತ್ತು. 2024ರ ನವೆಂಬರ್‌ನಿಂದ ಅದನ್ನು 1,000 ರೂಪಾಯಿಗೆ ಏರಿಸಲಾಗಿದೆ. 2022ರಲ್ಲಿ ಆರಂಭವಾದ ನಿಕ್ಷಯ್ ಮಿತ್ರ ವ್ಯವಸ್ಥೆಯಲ್ಲಿ ಯಾವುದೇ ವ್ಯಕ್ತಿ ಅಥವಾ ಸಂಸ್ಥೆ ರೋಗಿಯೊಬ್ಬರ ಆಹಾರದ ಹೊಣೆಯನ್ನು ಕನಿಷ್ಠ ಆರು ತಿಂಗಳು ಹೊರಬಹುದು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಲಭ್ಯವಿದೆ. ನೆರೆಮನೆಯವರಿಗೆ ಈ ಮಾಹಿತಿ ತಲುಪದಿದ್ದರೆ ತಿಳಿಸುವುದು, ಓದುಬರಹ ಬಾರದವರೊಡನೆ ಆಸ್ಪತ್ರೆಯವರೆಗೆ ಹೋಗಿಬರುವುದು ಕೂಡ ಸೇವೆಯೇ.

ಹಸಿದವರಿಗೆ ಅನ್ನ ನೀಡುವುದನ್ನು ನಾವು ಪುಣ್ಯಕಾರ್ಯವೆಂದು ಬಗೆದು ನಡೆದುಬಂದವರು. ಅದೇ ಅನ್ನವು ರೋಗವನ್ನು ತಡೆಯಬಲ್ಲುದೆಂದು ಇಂದು ವೈದ್ಯವಿಜ್ಞಾನವೂ ತೋರಿಸಿಕೊಟ್ಟಿದೆ. ನಮ್ಮ ಊರಿನಲ್ಲಿ ಚಿಕಿತ್ಸೆ ಪಡೆಯುತ್ತಿರುವ ಕ್ಷಯರೋಗಿಯ ಮನೆಗೆ ಈ ತಿಂಗಳ ಅಕ್ಕಿ-ಬೇಳೆ ತಲುಪಿದೆಯೇ ಎಂದು ವಿಚಾರಿಸುವುದರಿಂದಲೇ ನಾವು ಈ ಕಾರ್ಯವನ್ನು ಆರಂಭಿಸಬಹುದು.